ನವೋದಯಕ್ಕೆ ಹೋದವರು, ಊರಲ್ಲೇ ಉಳಿದವರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಐದನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರೇ ಜಾಸ್ತಿ ಇದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ನವೋದಯದಲ್ಲಿ, ಅಂದರೆ ಪರೀಕ್ಷೆ ಬರೆದು ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ, ಓದಿದವನು.

1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿ, ಈ ಎರಡು ಕಡೆ ಶುರುವಾದ ಶಾಲೆಗಳಿವು. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಹಳ್ಳಿ ಮಕ್ಕಳಿಗೆ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಆರನೇ ಕ್ಲಾಸಿನ ಈ ಪರೀಕ್ಷೆಯನ್ನು ಎರಡನೇ ಸಲ ಬರೆಯುವ ಹಾಗೇ ಇಲ್ಲ. ಹತ್ತು ವರ್ಷದ ಮಗುವಿಗೆ ಇದೆಷ್ಟು ಭಾರ ಅಂತ ಯೋಚನೆ ಮಾಡಿ.

ನಾನು ಮತ್ತು ನನ್ನ ಗೆಳೆಯ ಒಂದೇ ಬೆಂಚಿನವರು. ಲೆಕ್ಕದಲ್ಲಿ ಅವನೇ ಮುಂದು. ಸೀಟು ನನಗೆ ಸಿಕ್ಕಿತು. ಅಮ್ಮ ತಗಡಿನ ಟ್ರಂಕಿಗೆ ಬಟ್ಟೆ ತುಂಬಿ, ಮೇಲೆ ಚಕ್ಕುಲಿ ಡಬ್ಬಿ ಇಟ್ಟು ಕಳಿಸಿದಳು. ದಸರಾ ರಜೆಗೆ ಊರಿಗೆ ಬಂದಾಗ ಅವನು "ಬಾರೋ" ಅನ್ನಲಿಲ್ಲ, "ಯಾವಾಗ ಬಂದ್ರಿ?" ಅಂದ. ಬರೀ ನಾಲ್ಕು ತಿಂಗಳಲ್ಲಿ ನಾನು ಅವನಿಗೆ ಬಹುವಚನ ಆಗಿಬಿಟ್ಟಿದ್ದೆ.

ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್‌ನಲ್ಲೂ ಪರೀಕ್ಷೆ ಬರೆದು ಸೇರುವ ಹೆಸರುವಾಸಿ ಸರ್ಕಾರಿ ಹೈಸ್ಕೂಲುಗಳಿವೆ. ಕಟ್‌ಆಫ್ ದಾಟಿ ಸ್ವಲ್ಪದರಲ್ಲೇ ಸೀಟು ಸಿಕ್ಕವರನ್ನೂ ಸ್ವಲ್ಪದರಲ್ಲೇ ತಪ್ಪಿದವರನ್ನೂ ಹೋಲಿಸಿ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಅಧ್ಯಯನ ಪ್ರಕಟಿಸಿದರು, ಮುಂದಿನ ಪರೀಕ್ಷೆಗಳ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅದನ್ನು ಹಾಗೇ ತಂದು ನಮ್ಮೂರಿಗೆ ಹಚ್ಚಬೇಡಿ. ಅಲ್ಲಿ ತಪ್ಪಿಸಿಕೊಂಡ ಮಗುವಿಗೆ ಅದೇ ಊರಲ್ಲಿ ಇನ್ನೊಂದು ಹೈಸ್ಕೂಲು ಇರುತ್ತೆ. ನನ್ನ ಗೆಳೆಯ ವಾಪಸ್ ಹೋಗಿದ್ದು ಒಬ್ಬರೇ ಮೇಷ್ಟ್ರು ಮೂರು ಕ್ಲಾಸು ನಡೆಸುವ ಶಾಲೆಗೆ. ನನಗೆ ಊಟ, ಪುಸ್ತಕ, ಲ್ಯಾಬು, ಲೈಬ್ರರಿ ಎಲ್ಲ ಸಿಕ್ಕಿತು. ಈ ಅಂತರಕ್ಕೆ ಬುದ್ಧಿ ಕಾರಣ ಅಲ್ಲ, ಅಲ್ವಾ?

ಹೋದವರೂ ಕಳೆದುಕೊಳ್ಳುವುದಿದೆ. ಒಂಬತ್ತನೇ ಕ್ಲಾಸಿನಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸುತ್ತಾರೆ. ನಾನು ಮಧ್ಯಪ್ರದೇಶಕ್ಕೆ ಹೋದೆ. ಹಿಂದಿ ಬಂತು, ಧೈರ್ಯ ಬಂತು, ಇವತ್ತಿಗೂ ಆ ಗೆಳೆಯರು ಇದ್ದಾರೆ. ಆದರೆ ಆ ವರ್ಷ ಅಜ್ಜಿ ತೀರಿಕೊಂಡರು, ನನಗೆ ಗೊತ್ತಾಗಿದ್ದು ಹತ್ತು ದಿನದ ಮೇಲೆ. ಮನೆಯ ಕಷ್ಟಸುಖದಲ್ಲಿ ನಾನು ನೆಂಟನ ಹಾಗಾದೆ, ಅದು ಇನ್ನೂ ಪೂರ್ತಿ ಸರಿಹೋಗಿಲ್ಲ.

ಪರೀಕ್ಷೆ ಬರೆಸಿ, ಬೇಡ ಅನ್ನಲ್ಲ. ಸೀಟು ಸಿಗದಿದ್ದರೆ ಮಾತ್ರ "ಫೇಲ್" ಅನ್ನುವ ಪದ ಮನೆಯಲ್ಲಿ ಕೇಳಿಸಬಾರದು. ನನ್ನ ಗೆಳೆಯನಿಗೆ ಆ ಪದ ಹೇಳಿದ್ದರು. ಈಗ ಅವನ ಮಗಳು ಐದನೇ ಕ್ಲಾಸು. ಹೋದ ತಿಂಗಳು ಫೋನ್ ಮಾಡಿ, "ಅವಳಿಗೆ ಸಿಗದಿದ್ದರೆ ಏನಂತ ಹೇಳಲಿ?" ಅಂತ ಕೇಳಿದ. ತುಂಬಾ ಹೊತ್ತು ಮಾತಾಡಿದೆವು. ಫೋನ್ ಇಡುವಾಗ ಅವನು "ಊರಿಗೆ ಬಾರೋ" ಅಂದ.