ಕತ್ತಲಲ್ಲಿ ಚಿಗುರುವ ಪಾಚಿ

ಕೇಳುಗರಿಗೆ ನಮಸ್ಕಾರ. ಹಲ್ಲಿನ ಅಚ್ಚು ತೆಗೆಸಿಕೊಂಡವರಿಗೆ ಈ ಪಜೀತಿ ಗೊತ್ತು. ಡಾಕ್ಟರು ರಬ್ಬರ್ ಬಟ್ಟಲಲ್ಲಿ ಒಂದು ಪುಡಿಗೆ ನೀರು ಹಾಕಿ ಬೇಗ ಬೇಗ ಕಲಸುತ್ತಾರೆ. ಇಡ್ಲಿ ಹಿಟ್ಟಿಗಿಂತ ಚೂರು ಗಟ್ಟಿ. ಬಾಯಿಗೆ ಒತ್ತಿದ ಎರಡು ಮೂರು ನಿಮಿಷದಲ್ಲಿ ಅದು ರಬ್ಬರಾಗಿರುತ್ತದೆ. ನಾನಂತೂ ಅಷ್ಟು ಹೊತ್ತು ಉಗುಳು ನುಂಗಲೂ ಆಗದೆ ಕೂತಿದ್ದೆ. ಆ ಪುಡಿಯ ಜೀವಾಳ ಆಲ್ಜಿನೇಟ್. ಕಂದು ಕಡಲಪಾಚಿಯ ಮೈಯಿಂದ ತೆಗೆದ ಸಕ್ಕರೆಯ ಸರಪಳಿ ಅದು. ಸಕ್ಕರೆ ಅಂದೆ, ಸಿಹಿ ಅನ್ನಲಿಲ್ಲ!

ಸ್ಕಾಟ್ಲೆಂಡಿನ ಕಡಲತೀರದಲ್ಲಿ ಹಿಂದೆ ಈ ಪಾಚಿಯನ್ನು ಸುಟ್ಟು, ಬೂದಿಯಿಂದ ಅಯೋಡಿನ್ ತೆಗೆಯುತ್ತಿದ್ದರು. ಉಳಿದದ್ದೆಲ್ಲ ಹೊಗೆ. ಸ್ಟ್ಯಾನ್‌ಫೋರ್ಡ್ ಎಂಬ ರಸಾಯನ ತಜ್ಞರು ಸುಡುವ ಬದಲು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿದರು. ಲೋಳೆಯಂಥ ವಸ್ತು ಸಿಕ್ಕಿತು, ಅದೇ ಆಲ್ಜಿನೇಟ್. 1881ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಪಾಚಿ ಈ ಸರ ಮಾಡುವ ರೀತಿ ಮಜವಾಗಿದೆ. ಮೊದಲು ಒಂದೇ ಥರದ ಮಣಿ ಪೋಣಿಸುತ್ತದೆ: ಮ್ಯಾನ್ಯುರಾನಿಕ್ ಆಮ್ಲ. ಆಮೇಲೆ ಒಂದು ಕಿಣ್ವ ಬಂದು, ಸರ ಬಿಚ್ಚದೆಯೇ, ಕೆಲವು ಮಣಿಗಳನ್ನು ತಿರುಚಿ ಗುಲ್ಯುರಾನಿಕ್ ಆಮ್ಲ ಮಾಡುತ್ತದೆ. ತಿರುಚಿದ ಕಡೆಯೆಲ್ಲ ಸರ ಅಂಕುಡೊಂಕಾಗಿ ಗುಳಿ ಬೀಳುತ್ತದೆ. ಎರಡು ಸರಗಳ ಗುಳಿಗಳು ಎದುರುಬದುರಾದರೆ ನಡುವೆ ಕ್ಯಾಲ್ಸಿಯಂ ಕೂರುತ್ತದೆ, ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ. ಸರಗಳು ಬಿಗಿಯುತ್ತವೆ, ಲೋಳೆ ಗಟ್ಟಿಯಾಗುತ್ತದೆ. ಡಾಕ್ಟರ ಪುಡಿಯಲ್ಲಿ ಜಿಪ್ಸಮ್ ಸೇರಿಸಿರುವುದು ಈ ಕ್ಯಾಲ್ಸಿಯಂಗಾಗಿಯೇ. ನಮ್ಮ ದೇಶದಲ್ಲಿ ಆಲ್ಜಿನೇಟಿಗೆ ತಮಿಳುನಾಡು ಕರಾವಳಿಯ ಸರ್ಗಾಸಮ್ ಪಾಚಿ ಬಳಸುತ್ತಾರೆ. ಸರ್ಗಾಸಮ್ ನಮ್ಮ ಕಾರವಾರದ ಬಂಡೆಗಳ ಮೇಲೂ ಇದೆ.

ಆಲ್ಜಿನೇಟ್ ಪಾಚಿಯ ಮೈಕಟ್ಟಿಗಾಯಿತು. ಹೊಟ್ಟೆಪಾಡಿಗೆ? ಶಾಲೆಯಲ್ಲಿ ಆಲೂಗಡ್ಡೆಗೆ ಅಯೋಡಿನ್ ಹಾಕಿ ನೀಲಿ ಬಣ್ಣ ನೋಡಿದ್ದೀರಿ, ಅಲ್ವಾ? ಅದು ಪಿಷ್ಟ. ಕಂದು ಪಾಚಿಯಲ್ಲಿ ಪಿಷ್ಟವೇ ಇಲ್ಲ. ಬಿಸಿಲಿನಲ್ಲಿ ಅದು ತಯಾರಿಸುವುದು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು. ಜಪಾನಿನವರು ಅಡುಗೆಗೆ ಬಳಸುವ ಒಣಗಿದ ಕೊಂಬು ಪಾಚಿಯ ಮೇಲೆ ಬೂಷ್ಟಿನಂಥ ಬಿಳಿ ಪುಡಿ ಇರುತ್ತದಲ್ಲ, ಅದು ಹೆಚ್ಚಾಗಿ ಇದೇ. ತೊಳೆದರೆ ರುಚಿಯೂ ಹೋದಂತೆ. ಇದರ ಜೊತೆಗೆ ಕೂಡಿಡುವ ಗಂಟು ಲ್ಯಾಮಿನಾರಿನ್. ಅದರಲ್ಲೂ ಪಿಷ್ಟದ ಹಾಗೆ ಗ್ಲೂಕೋಸೇ ಇದೆ. ಆದರೆ ಕೊಂಡಿ ಬೇರೆ, ಸರ ಚಿಕ್ಕದು.

ಕೂಡಿಡುವುದು ಯಾಕೆ ಅಂದರೆ, ಸ್ಕಾಟ್ಲೆಂಡ್, ನಾರ್ವೆ ಕಡೆಯ ಲ್ಯಾಮಿನೇರಿಯಾ ಹೈಪರ್‌ಬೋರಿಯಾ ಎಂಬ ದೊಡ್ಡ ಪಾಚಿಗೆ ಹೊಸ ಎಲೆ ಚಿಗುರುವುದು ಚಳಿಗಾಲದಲ್ಲಿ. ಆಗ ನೀರಿನಲ್ಲಿ ನೈಟ್ರೇಟ್ ಎಂಬ ಪೋಷಕಾಂಶ ಜಾಸ್ತಿ, ಬೆಳಕು ಮಾತ್ರ ತೀರಾ ಕಡಿಮೆ. ನಾವು ಬೇಸಿಗೆಯಲ್ಲಿ ಸಂಡಿಗೆ ಹಾಕಿಟ್ಟು ಮಳೆಗಾಲದಲ್ಲಿ ಕರಿಯುವ ಹಾಗೆ, ಅದು ಬೇಸಿಗೆಯ ಗಂಟನ್ನು ಆಗ ಬಿಚ್ಚುತ್ತದೆ. ಜರ್ಮನಿಯ ವಿಜ್ಞಾನಿ ಲ್ಯೂನಿಂಗ್ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಪಾಚಿಯನ್ನು ಪೂರ್ತಿ ಕತ್ತಲಲ್ಲಿಟ್ಟು ನೋಡಿದ್ದರು. ಆಗಲೂ ಎಲೆ ಬಂತು. ಹಳೆ ಎಲೆ ಕತ್ತರಿಸಿದ್ದ ಗಿಡಗಳಲ್ಲಿ ಮಾತ್ರ ಹೊಸದು ಪುಟ್ಟದಾಗೇ ಉಳಿಯಿತು.

ಕಡಲಲ್ಲಿ ಆ ಹಳೆ ಎಲೆ ಹೊಸದರ ತುದಿಗೆ ಅಂಟಿಕೊಂಡೇ ಇರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಕಳಚಿ, ಅಲೆಯ ಜೊತೆ ದಡಕ್ಕೆ ಬಂದು ರಾಶಿ ಬೀಳುತ್ತದೆ. ಸ್ಕಾಟ್ಲೆಂಡಿನ ದ್ವೀಪಗಳ ರೈತರು ಅದನ್ನು ಹೊಲಕ್ಕೆ ಗೊಬ್ಬರವಾಗಿ ಹೊತ್ತುಕೊಂಡು ಹೋಗುತ್ತಿದ್ದರು.