625ರ ಗುಳಿಗೆ, ನಾನು ತಪ್ಪಿದ ಲೆಕ್ಕ

ಎಲ್ಲರಿಗೂ ನಮಸ್ಕಾರ. ತಗಡಿನ ಮೇಲೆ ಮಳೆ ಜೋರಿದೆ, ಹಿಂದೆ ಕೂತವ್ರಿಗೆ ಕೇಳದಿದ್ರೆ ಕೈ ಎತ್ತಿ. ನಾನು ಡಾಕ್ಟರ್ ಅಲ್ಲ, ಕುಮಟಾದಲ್ಲಿ ಇಪ್ಪತ್ತಾರು ವರ್ಷ ಮೆಡಿಕಲ್ ಅಂಗಡಿ ಕೌಂಟರ್ ಹಿಂದೆ ನಿಂತವ, ಹಂಗಾಗಿ ಯಾರಿಗೆ ಯಾವ ಔಷಧಿ ಅಂತ ಹೇಳೋ ಕೆಲಸ ನಂದಲ್ಲ, ಡಾಕ್ಟರ್ ಬರೆದ 625 ಅನ್ನೋ ಆಂಟಿಬಯೋಟಿಕ್ ಗುಳಿಗೆ ಮನೆಗೆ ಹೋದ್ಮೇಲೆ ಏನಾಗ್ತದೆ ಅನ್ನೋದಷ್ಟೇ ಇವತ್ತಿನ ಮಾತು. ಅದೂ ದೊಡ್ಡವರ ವಿಷಯ ಮಾತ್ರ, ಮಕ್ಕಳಿಗೆ ತೂಕ ನೋಡಿ ಕೊಡುದು, ಆ ಲೆಕ್ಕವೇ ಬೇರೆ.

ಈ ಗುಳಿಗೆ ಹೆಸರು ಯಾರೂ ಹೇಳುದಿಲ್ಲ, "ಒಂದು ಸಿಕ್ಸ್ ಟ್ವೆಂಟಿಫೈವ್ ಕೊಡಿ" ಅಂತಾರೆ, ಮುಗೀತು. ಒಳಗಿರೋದು ಎರಡು ಔಷಧಿ, ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆಸಿಡ್ 125. ಬ್ಯಾಕ್ಟೀರಿಯಾ ಕೊಲ್ಲೋದು ಮೊದಲನೇದು. ಆದ್ರೆ ಕೆಲವು ಬ್ಯಾಕ್ಟೀರಿಯಾ ಬೀಟಾ ಲ್ಯಾಕ್ಟಮೇಸ್ ಅನ್ನೋ ಎಂಜೈಮ್ ಬಿಟ್ಟು ಅಮಾಕ್ಸಿಸಿಲಿನ್ನನ್ನೇ ಕಡಿದು ಹಾಕ್ತಾವೆ, ಅಂಗಳದಲ್ಲಿ ನಾಯಿ ಬಿಟ್ಟ ಹಾಗೆ. ಕ್ಲಾವುಲಾನಿಕ್ ಆಸಿಡ್ ಆ ನಾಯಿ ಹಿಡಿದು ನಿಲ್ಲೋ ಆಸಾಮಿ, ಅವ ಒಳಗೆ ಹೋಗಿ ಹೊಡೆಯೋದೇನೂ ದೊಡ್ಡದಿಲ್ಲ. ಈ ಜೋಡಿನ 1981ರಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿ ಆಗ್ಮೆಂಟಿನ್ ಅಂತ ಮಾರ್ಕೆಟ್ಟಿಗೆ ತಂತು.

ಈಗ ನನ್ನ ತಪ್ಪು ಹೇಳ್ತೇನೆ. ಅಂಗಡಿ ಇಟ್ಟ ಹೊಸತು, ಮಳೆಗಾಲ, ಘಟ್ಟದಲ್ಲಿ ಗುಡ್ಡ ಕುಸಿದು ಎರಡು ದಿನ ಲೋಡ್ ಬಂದಿರಲಿಲ್ಲ. 625 ಖಾಲಿ, 375 ಇತ್ತು. ಎರಡು 375 ಅಂದ್ರೆ 750, 625ಕ್ಕಿಂತ ಜಾಸ್ತಿನೇ ಆಯ್ತಲ್ಲ, ಒಳ್ಳೇದೇ ಅಂತ ಒಬ್ರಿಗೆ ಹೊತ್ತಿಗೆ ಎರಡೆರಡು ತಗೊಳ್ಳಿ ಅಂದೆ, ಡಾಕ್ಟರಿಗೆ ಒಂದು ಫೋನೂ ಮಾಡಲಿಲ್ಲ. ಮೂರನೇ ದಿನ ಅವರು ಬಂದು "ಮಾರಾಯ್ರೆ, ಗಂಜಿ ಕುಡಿದ್ರೂ ನಿಲ್ತಾ ಇಲ್ಲ" ಅಂದ್ರು. ಆಮೇಲೆ ಕೂತು ಸ್ಟ್ರಿಪ್ ಹಿಂದೆ ಓದಿದೆ. 375ರಲ್ಲಿ 250 ಮತ್ತು 125. 625ರಲ್ಲಿ 500 ಮತ್ತು 125. 1000 ಅಂತಾರಲ್ಲ, ಅದ್ರಲ್ಲಿ 875 ಮತ್ತು 125. ಮೂರರಲ್ಲೂ ಕ್ಲಾವುಲಾನಿಕ್ ಒಂದೇ! ನಾನು ಕೊಟ್ಟ ಎರಡು ಗುಳಿಗೆಯಲ್ಲಿ ಅಮಾಕ್ಸಿಸಿಲಿನ್ ಸರಿಯಾಗಿ 500 ಆಯ್ತು, ಕ್ಲಾವುಲಾನಿಕ್ ಮಾತ್ರ ಡಬಲ್, ಹೊಟ್ಟೆ ಕೆಡ್ಸೋದು ಹೆಚ್ಚಾಗಿ ಅದೇ. ಇನ್ನು 1000ದ ಗುಳಿಗೆ ಮುರಿದು ಅರ್ಧರ್ಧ ತಿನ್ನೋರಿಗೆ ಉಲ್ಟಾ, ನಾಯಿ ಹಿಡಿಯೋ ಆಸಾಮಿನೇ ಅರ್ಧ, 62.5 ಮಾತ್ರ. ಸ್ಟ್ರಿಪ್ ಮೇಲಿನ ನಂಬರ್ ಕೂಡಿಸಿ ಕಳೆದು ಮಾಡೋ ನಂಬರ್ ಅಲ್ಲ.

ದೊಡ್ಡವರಿಗೆ ಸಾಮಾನ್ಯವಾಗಿ ಬರೆಯೋದು 625 ಆದ್ರೆ ಎಂಟು ತಾಸಿಗೊಂದು, 1000 ಆದ್ರೆ ಹನ್ನೆರಡು ತಾಸಿಗೊಂದು. ಈ ತಾಸಿನ ಲೆಕ್ಕ ಯಾಕೆ ಅಂದ್ರೆ ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ತಾಸಿಗೆ ಅರ್ಧಕ್ಕೆ ಇಳೀತದೆ, ಮತ್ತೆ ಅದು ಕೆಲಸ ಮಾಡೋದು ಎಷ್ಟು ಜಾಸ್ತಿ ಇದೆ ಅನ್ನೋದ್ರ ಮೇಲಲ್ಲ, ಬೇಕಾದ ಮಟ್ಟದ ಮೇಲೆ ಎಷ್ಟು ಹೊತ್ತು ಇದೆ ಅನ್ನೋದ್ರ ಮೇಲೆ. ಹಂಗಾಗಿ ಮಧ್ಯಾಹ್ನದ್ದು ಮರೆತು ರಾತ್ರಿ ಎರಡು ನುಂಗಿದ್ರೆ ಸರಿಹೋಗುದಿಲ್ಲ. ನೆನಪಾದಾಗ ಒಂದು ತಗೊಳ್ಳಿ, ಮುಂದಿನದರ ಹೊತ್ತು ಹತ್ರ ಬಂದಿದ್ರೆ ಮರೆತದ್ದು ಬಿಟ್ಟುಬಿಡಿ. 625 ಆದ್ರೆ ಬೆಳಿಗ್ಗೆ ಏಳಕ್ಕೆ ದೋಸೆ ಜೊತೆ, ಎರಡೂವರೆ ಮೂರಕ್ಕೆ ಊಟಕ್ಕೆ ಕೂತಾಗ, ರಾತ್ರಿ ಊಟ ಸ್ವಲ್ಪ ತಡ ಮಾಡಿ ಹತ್ತೂವರೆಗೆ. ಯಕ್ಷಗಾನದ ಆಟ ನೋಡೋಕೆ ಹೋಗೋರಿಗಂತೂ ಆ ಹೊತ್ತಿಗೆ ನಿದ್ದೆಯ ಪ್ರಶ್ನೆಯೇ ಇಲ್ಲ. ಊಟ ಶುರು ಮಾಡುವಾಗ ತಗೊಂಡ್ರೆ ಕ್ಲಾವುಲಾನಿಕ್ ಚೆನ್ನಾಗಿ ಸೇರ್ತದೆ, ಹೊಟ್ಟೆಗೂ ಹಿತ.

ನಮ್ಮ ಕರಾವಳಿಯವ್ರಿಗೆ ಒಂದು ಸ್ಪೆಷಲ್ ಮಾತು. ಈ ಕ್ಲಾವುಲಾನಿಕ್ಕಿಗೆ ತೇವ ಕಂಡ್ರೆ ಆಗುದಿಲ್ಲ. ಜುಲೈ ತಿಂಗಳಲ್ಲಿ ಉಪ್ಪೇ ನೀರಾಗೋ ಊರಲ್ಲಿ ಆರು ದಿನದ ಗುಳಿಗೆ ಒಟ್ಟಿಗೆ ಬಿಡಿಸಿ ಡಬ್ಬಿಗೆ ಹಾಕಿಡ್ತಾರೆ. ಬೇಡ. ನುಂಗೋ ಹೊತ್ತಿಗೆ ಒಂದೊಂದೇ ಬಿಡಿಸಿ.

ಕಿಡ್ನಿ ತೊಂದರೆ ಇದ್ದವ್ರು ಮೊದಲೇ ಹೇಳಬೇಕು, ಕಿಡ್ನಿ ಕೆಲಸ ತುಂಬಾ ಇಳಿದಿದ್ರೆ, ಅಂದ್ರೆ ಕಿಡ್ನಿ ರಕ್ತ ಎಷ್ಟು ಸೋಸ್ತದೆ ಅಂತ ತೋರಿಸೋ ಕ್ರಿಯೇಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕೆಳಗಿದ್ರೆ, 1000ದ ಗುಳಿಗೆ ಕೊಡುದಿಲ್ಲ, 625 ಕೂಡ ಡಾಕ್ಟರ್ ಅಂತರ ಹೆಚ್ಚಿಸ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದವ್ರಿಗೆ ಇದು ಬೇಡವೇ ಬೇಡ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ತಗೊಳ್ಳೋರೂ ಬಾಯಿಬಿಟ್ಟು ಹೇಳಿ. ಮತ್ತೆ, ಅಪರೂಪಕ್ಕೆ ಇದರಿಂದ ಕಾಮಾಲೆ ಆಗ್ತದೆ, ವಯಸ್ಸಾದ ಗಂಡಸರಿಗೆ ಹೆಚ್ಚು, ಗುಳಿಗೆ ಮುಗಿದು ವಾರಗಳಾದ್ಮೇಲೂ ಬರಬಹುದು, ಆಗ ಹಳೇ ಚೀಟಿ ತೋರಿಸದಿದ್ರೆ ಡಾಕ್ಟರಿಗೆ ಹೊಳೆಯೋದು ಕಷ್ಟ.

ದೋಣಿಗೆ ಹೋಗೋರಿಗೆ ಮೀನಿನ ಮುಳ್ಳು ಚುಚ್ಚಿ ಕೈ ಬಾತ್ರೆ 625 ನುಂಗಿ ಮನೇಲಿ ಕೂರಬೇಡಿ, ಸಮುದ್ರದ ನೀರಿನ ಕೆಲವು ಬ್ಯಾಕ್ಟೀರಿಯಾಕ್ಕೆ ಇದೊಂದೇ ಸಾಲುದಿಲ್ಲ. ಸೀದಾ ಹೋಗಿ ತೋರಿಸಿ, ಸಮುದ್ರದಲ್ಲಿ ಚುಚ್ಚಿದ್ದು ಅಂತ ಹೇಳಿ. ಸಿದ್ದಾಪುರ, ಹೊನ್ನಾವರ ಕಡೆಯ ಮಂಗನ ಕಾಯಿಲೆಗೂ ಇದು ನಾಟುದಿಲ್ಲ, ಅದು ವೈರಸ್. ಬರೀ ನೆಗಡಿಗೂ ಅಷ್ಟೇ, ಕಷಾಯವೇ ವಾಸಿ.

ಇಲ್ಲೊಬ್ರು ಚೀಟಿ ಕಳಿಸಿದ್ದಾರೆ, "ಡಾಕ್ಟರ್ ಐದು ದಿನಕ್ಕೆ ಸಾಕು ಅಂದ್ರು, ಹತ್ತು ದಿನ ತಗೊಳ್ಳದಿದ್ರೆ ಕೋರ್ಸ್ ಅರ್ಧ ಆಗುದಿಲ್ವಾ?" ಇಲ್ಲ ಅಕ್ಕ. ಡಾಕ್ಟರ್ ಹೇಳಿದ ಐದೇ ನಿಮ್ಮ ಪೂರ್ತಿ ಕೋರ್ಸ್, ಎಷ್ಟೋ ಸೋಂಕಿಗೆ ಐದರಿಂದ ಏಳು ದಿನ ಸಾಕಾಗ್ತದೆ. ಉಳಿದ ಗುಳಿಗೆ ಇದ್ರೆ ಪಕ್ಕದ ಮನೆಯವ್ರ ಹಲ್ಲುನೋವಿಗೆ ಕೊಡಬೇಡಿ, ಅಂಗಡಿಗೆ ತನ್ನಿ, ಸ್ಟ್ರಿಪ್ ಕತ್ತರಿಸದೇ ಇದ್ರೆ ವಾಪಸ್ ತಗೊಳ್ಳೋಕಾಗ್ತದಾ ನೋಡುವಾ.