ಡಬಲ್ ಟಯರಿನ ಗಾಳಿ ಸರಿದೂಗಿಸುವ ಈಕ್ವಲೈಸರ್: ಬಿಚ್ಚಿದ್ದನ್ನು ಮತ್ತೆ ಕೂರಿಸುವ ಮೊದಲು

(ದೃಶ್ಯ: ಮಂಗಳೂರಿನ ಹೊರವಲಯದ ಅಂಗಳವೊಂದರಲ್ಲಿ ಮೋಟರ್‌ಹೋಮ್ ನಿಂತಿದೆ. ಕ್ಯಾಮೆರಾ ಹಿಂಬದಿಯ ಜೋಡಿ ಟಯರುಗಳತ್ತ ನಿಧಾನವಾಗಿ ಸರಿಯುತ್ತದೆ.)

ನಮಸ್ಕಾರ. ಮಿಡಿ ಬಸ್ಸಿನ ಷಾಸಿಯ ಮೇಲೆ ಕಟ್ಟಿಸಿದ ಈ ಮೋಟರ್‌ಹೋಮಿಗೆ ನಿನ್ನೆಯಷ್ಟೇ ಹಿಂಬದಿಯ ನಾಲ್ಕೂ ಟಯರುಗಳನ್ನು ಹೊಸದಾಗಿ ಹಾಕಿಸಲಾಗಿದೆ. ಹಳೆಯ ಟಯರುಗಳನ್ನು ಕಳಚುವಾಗ ಅಂಗಡಿಯ ಹುಡುಗರು ಎರಡು ಉಪಕರಣಗಳನ್ನೂ ಅವುಗಳ ನಾಲ್ಕು ಹೋಸುಗಳನ್ನೂ ಬಿಚ್ಚಿ, ಒಂದು ಗೋಣಿಚೀಲದಲ್ಲಿ ಹಾಕಿ ಕೈಗೆ ಕೊಟ್ಟಿದ್ದಾರೆ. ಟಯರಿನ ಗಾಳಿಯನ್ನು ಸರಿದೂಗಿಸುವ ಈಕ್ವಲೈಸರುಗಳು ಇವೇ. ಇವುಗಳನ್ನು ಮತ್ತೆ ಕೂರಿಸುವ ಬಗೆಯನ್ನು ಇಂದು ನೋಡೋಣ. ಪಾನಾ ಹಿಡಿಯುವ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಪಾನಾ ಹಿಡಿಯುವ ಮೊದಲು ಒಂದು ರಾತ್ರಿ ಕಾಯಬೇಕಾಗುತ್ತದೆ, ಮತ್ತು ಆ ಕಾಯುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

(ದೃಶ್ಯ: ಅಂಗೈಯಲ್ಲಿ ಉಪಕರಣ. ನಡುವೆ ಪುಟ್ಟ ಗಾಜಿನ ಕಿಟಕಿ, ಅದರೊಳಗೆ ಹಳದಿ ಗುರುತು.)

ಉಪಕರಣದ ಕೆಲಸ ಸರಳವಾಗಿದೆ. ಒಂದು ಹೋಸು ಒಳ ಟಯರಿಗೆ, ಇನ್ನೊಂದು ಹೊರ ಟಯರಿಗೆ ಹೋಗುತ್ತದೆ. ನಡುವಿನ ವಾಲ್ವ್ ತೆರೆದಿರುವವರೆಗೆ ಎರಡೂ ಟಯರುಗಳ ಗಾಳಿ ಒಂದೇ ಕೊಡದ ನೀರಿನಂತೆ ಸಮನಾಗಿರುತ್ತದೆ. ಗಾಳಿ ತುಂಬಿಸುವುದಕ್ಕೂ ನಡುವಿನ ಒಂದೇ ಬಾಯಿ ಸಾಕು; ಒಳ ಟಯರಿನ ವಾಲ್ವಿಗಾಗಿ ಡಿಸ್ಕಿನ (ಟಯರು ಕೂರುವ ಉಕ್ಕಿನ ಚಕ್ರದ) ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಬೇಕಾಗಿಲ್ಲ. ಅಮೆರಿಕದ ಡ್ಯುಯಲ್ ಡೈನಾಮಿಕ್ಸ್ ಸಂಸ್ಥೆಯ ಕ್ರಾಸ್‌ಫೈರ್ ಮತ್ತು ಲಿಂಕ್ ಸಂಸ್ಥೆಯ ಕ್ಯಾಟ್ಸ್ ಐ ಈ ಬಗೆಯ ಹೆಸರಾಂತ ಮಾದರಿಗಳು. ಕ್ರಾಸ್‌ಫೈರಿನಲ್ಲಿ ಒತ್ತಡ ನಿಗದಿತ ಮಟ್ಟಕ್ಕಿಂತ ಸುಮಾರು 10 ಪಿಎಸ್‌ಐ ಇಳಿದಾಗ ನಡುವಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಂದು ಟಯರು ಪಂಕ್ಚರ್ ಆದರೂ ಇನ್ನೊಂದರ ಗಾಳಿ ಅದರ ಹಿಂದೆಯೇ ಹೊರಟುಹೋಗುವುದಿಲ್ಲ.

ಒಳ ಟಯರಿನ ಕಷ್ಟವನ್ನು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದವರು ಬಲ್ಲರು. ಅದಕ್ಕೆ ತಾಗುವ ಗಾಳಿ ಕಡಿಮೆ, ಪಕ್ಕದಲ್ಲೇ ಕಾದ ಬ್ರೇಕ್ ಡ್ರಮ್. ಸೋಮೇಶ್ವರ ತಲುಪುವ ಹೊತ್ತಿಗೆ ಹೊರ ಟಯರಿಗಿಂತ ಅದು ಹೆಚ್ಚು ಬಿಸಿಯಾಗಿರುತ್ತದೆ. 100 ಪಿಎಸ್‌ಐ ಇರುವ ಟಯರಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 4 ಪಿಎಸ್‌ಐ ಏರುತ್ತದೆ. ಹೆಚ್ಚು ಉಬ್ಬಿದ ಟಯರೇ ಹೆಚ್ಚು ಭಾರ ಹೊರುವುದರಿಂದ ಅದು ಮತ್ತಷ್ಟು ಬಿಸಿಯಾಗುತ್ತದೆ. ಈಕ್ವಲೈಸರ್ ಇದ್ದರೆ ಆ ಹೆಚ್ಚುವರಿ ಒತ್ತಡ ಪಕ್ಕದ ಟಯರಿಗೂ ಹಂಚಿಹೋಗುತ್ತದೆ.

ಇಷ್ಟು ಉಪಕಾರ ಮಾಡುವ ಈ ಸಾಧನ ಒಂದು ವಿಷಯವನ್ನು ಮುಚ್ಚಿಡುತ್ತದೆ ಎಂಬುದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಕಳೆದ ಮಳೆಗಾಲದಲ್ಲಿ ಟಯರು ಅದಲು ಬದಲು ಮಾಡಿಸಿದ ಮೇಲೆ ಅಂಗಡಿಯೊಂದರಲ್ಲಿಯೇ ಈಕ್ವಲೈಸರುಗಳನ್ನು ಕೂರಿಸಿ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಎಡಗಡೆಯ ಎರಡೂ ಟಯರುಗಳಲ್ಲಿ ತಲಾ 6 ಪಿಎಸ್‌ಐ ಕಡಿಮೆಯಾಗಿತ್ತು. ಎರಡರಲ್ಲೂ ಸಮನಾಗಿ ಇಳಿದಿದ್ದರಿಂದ ದೋಷ ಉಪಕರಣದ್ದೇ ಎಂದು ನಂಬಿ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಮೂರನೆಯ ದಿನ ಗೊತ್ತಾಯಿತು: ಗಾಳಿ ಸೋರುತ್ತಿದ್ದುದು ಒಳ ಟಯರಿನ ವಾಲ್ವಿನ ಬುಡದಿಂದ. ಹೊರ ಟಯರು ತನ್ನ ಗಾಳಿಯನ್ನು ಹೋಸಿನ ಮೂಲಕ ಒಳಗಿನದಕ್ಕೆ ಸಾಲ ಕೊಡುತ್ತಾ ಬಂದಿತ್ತು.

ಆದ್ದರಿಂದ ಹೊಸ ಟಯರುಗಳನ್ನು ಕೂಡಲೇ ಜೋಡಿಸಬಾರದು. ಪ್ರತಿ ಟಯರಿಗೂ ಬೇರೆಬೇರೆಯಾಗಿ ಒಂದೇ ಒತ್ತಡದ ಗಾಳಿ ಹಾಕಿ, ವಾಲ್ವಿನ ಮುಚ್ಚಳ ಬಿಗಿದು, ಒಂದು ರಾತ್ರಿ ಒಂಟಿಯಾಗಿ ನಿಲ್ಲಿಸಬೇಕು. ಬೆಳಿಗ್ಗೆ ಗಾಡಿ ಕದಲಿಸುವ ಮೊದಲು, ಬಿಸಿಲು ಒಂದು ಪಕ್ಕದ ಟಯರಿಗೆ ಬೀಳುವ ಮುನ್ನವೇ, ಅದೇ ಗೇಜಿನಲ್ಲಿ ನಾಲ್ಕನ್ನೂ ಅಳೆಯಬೇಕು. ಯಾವುದಾದರೂ ಒಂದು ಮಾತ್ರ ಇಳಿದಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಮಾತು. ಮಲ್ಪೆಯಿಂದ ಮೀನು ತುಂಬಿಕೊಂಡು ಹೊರಡುವ ಲಾರಿಗಳ ಕ್ಲೀನರುಗಳು ಕಬ್ಬಿಣದ ರಾಡಿನಿಂದ ಟಯರಿಗೆ ಬಡಿದು ಸದ್ದು ಕೇಳುವುದನ್ನು ನೀವು ನೋಡಿರಬಹುದು. ಪೂರ್ತಿ ಕೂತ ಟಯರನ್ನು ಹಿಡಿಯಲು ಅದು ಸಾಕು. 100 ಮತ್ತು 85ರ ನಡುವಣ ವ್ಯತ್ಯಾಸವನ್ನು ಹೇಳಲು ಯಾವ ಕಿವಿಗೂ ಸಾಧ್ಯವಿಲ್ಲ.

(ದೃಶ್ಯ: ಉಪಕರಣದ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿ.)

ಕಾಯುವ ಆ ಹೊತ್ತಿನಲ್ಲಿ ಈ ಅಂಕಿಯನ್ನು ನೋಡಿ. ಹಳದಿ ಗುರುತು ಯಾವ ಒತ್ತಡದಲ್ಲಿ ಪೂರ್ತಿ ಕಾಣಬೇಕು ಎಂಬುದನ್ನು ಕಾರ್ಖಾನೆಯಲ್ಲೇ ನಿಗದಿಪಡಿಸಿರುತ್ತಾರೆ. ಹೊಸ ಟಯರಿಗೆ ಬೇಕಾದ ಒತ್ತಡ ಅದಕ್ಕಿಂತ ಬೇರೆಯಾಗಿದ್ದರೆ ಆ ಹಳದಿಯನ್ನು ನಂಬುವಂತಿಲ್ಲ. ಬೇಕಾದ ಒತ್ತಡವೆಷ್ಟು ಎಂಬುದನ್ನು ಟಯರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿಯಿಂದಲ್ಲ, ನೀರಿನ ಟ್ಯಾಂಕು, ಗ್ಯಾಸ್, ಸಾಮಾನು ಎಲ್ಲವನ್ನೂ ತುಂಬಿಕೊಂಡು ವೇಬ್ರಿಜ್ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲಿನ ತೂಕ ತಿಳಿದುಕೊಂಡು, ತಯಾರಕರ ಪಟ್ಟಿಯಿಂದ ನಿರ್ಧರಿಸಬೇಕು.

ಜೋಡಿಯ ಎರಡೂ ಟಯರುಗಳ ಗಾತ್ರವೂ ಹೊಂದಬೇಕು. ಈ ಗಾಡಿಯ 8.25 ಅಳತೆಯ ಟಯರುಗಳಲ್ಲಿ ವ್ಯಾಸದ ವ್ಯತ್ಯಾಸ ಸುಮಾರು 6 ಮಿಲಿಮೀಟರನ್ನು ಮೀರಬಾರದು ಎಂಬುದು ರೂಢಿಯ ಮಿತಿ. 5 ಮಿಲಿಮೀಟರ್ ವ್ಯತ್ಯಾಸವೆಂದರೆ ಸುತ್ತಳತೆಯಲ್ಲಿ ಸುಮಾರು 16 ಮಿಲಿಮೀಟರ್. ಕಿಲೋಮೀಟರಿಗೆ ಸುಮಾರು 370 ಸುತ್ತು ಉರುಳುವ ಈ ಚಕ್ರದಲ್ಲಿ ಲೆಕ್ಕಕ್ಕೆ ಅದು ಕಿಲೋಮೀಟರಿಗೆ 6 ಮೀಟರಿನಷ್ಟು ಉಜ್ಜಾಟವಾಗುತ್ತದೆ. ಒಂದು ಹೊಸ ಟಯರು, ಪಕ್ಕದಲ್ಲಿ ಒಂದು ಸವೆದ ಟಯರು ಎಂಬ ಉಳಿತಾಯವನ್ನು ಈಕ್ವಲೈಸರ್ ಸರಿಪಡಿಸಲಾರದು.

(ದೃಶ್ಯ: ಮರುದಿನ ಬೆಳಿಗ್ಗೆ. ಹಬ್ಬಿನ ನಡುಭಾಗ ಹತ್ತಿರದಿಂದ.)

ಈಗ ಕೆಲಸ. ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಲ್ಲು ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಲ್ಲಿ ಉಪಕರಣದ ಬ್ರ್ಯಾಕೆಟ್ಟು ಆಕ್ಸಲ್ ಶಾಫ್ಟಿನ ಬೋಲ್ಟುಗಳಿಗೆ ಕೂರುತ್ತದೆ. ಬ್ರ್ಯಾಕೆಟ್ಟಿಗೆ ಬೇಕಾದ ಎರಡು ಬೋಲ್ಟುಗಳನ್ನು ಮಾತ್ರ ಒಂದಾದ ಮೇಲೊಂದರಂತೆ ತೆಗೆಯಿರಿ. ಎಲ್ಲವನ್ನೂ ಸಡಿಲಿಸಿದರೆ ಪ್ಯಾಕಿಂಗ್ ಅಲುಗಾಡಿ ಹೌಸಿಂಗಿನ ಆಯಿಲ್ ಒಸರತೊಡಗುತ್ತದೆ. ಬಿಗಿಯುವಾಗ ಟಾರ್ಕ್ ವ್ರೆಂಚ್ ಬಳಸಿ, ಷಾಸಿಯ ಕೈಪಿಡಿಯಲ್ಲಿರುವ ಅಂಕಿಗೇ ನಿಲ್ಲಿಸಿ. ಕರಾವಳಿಯ ಉಪ್ಪುಗಾಳಿ, ಅದರ ಮೇಲೆ 66ನೆಯ ರಾಷ್ಟ್ರೀಯ ಹೆದ್ದಾರಿಯುದ್ದಕ್ಕೂ ಮೀನಿನ ಲಾರಿಗಳು ಸುರಿಸುತ್ತಾ ಹೋಗುವ ಉಪ್ಪುನೀರು, ಎರಡೂ ಸೇರಿ ಬ್ರ್ಯಾಕೆಟ್ಟಿನ ತೂತುಗಳ ಅಂಚನ್ನು ತಿಂದಿರುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಪದರಪದರವಾಗಿ ತುಕ್ಕು ಉದುರಿದರೆ ಆ ಬ್ರ್ಯಾಕೆಟ್ಟನ್ನು ಬದಲಿಸಿ.

ಎರಡು ಟಯರುಗಳ ವಾಲ್ವುಗಳು ಒಂದಕ್ಕೊಂದು ಎದುರುಬದುರಾಗಿ, ಗಡಿಯಾರದ 12 ಮತ್ತು 6ರಂತೆ ಇರಬೇಕು. ಟಯರಂಗಡಿಯವರು ಅದನ್ನು ಗಮನಿಸದೆ ಕೂರಿಸಿದ್ದರೆ ಹೊರ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಿಸುವುದೇ ಸರಿ. ಹೋಸನ್ನು ಎಳೆದು ಹೊಂದಿಸಲು ಹೋಗಬೇಡಿ. ವಾಲ್ವುಗಳು ಲೋಹದವೇ ಆಗಿರಲಿ. ಅವುಗಳ ತುದಿಗೆ ಉದ್ದ ಹೆಚ್ಚಿಸಲು ರಬ್ಬರಿನ ಕೊಳವೆ ಸಿಕ್ಕಿಸಿದ್ದರೆ ತೆಗೆದುಬಿಡಿ, ಚಕ್ರ ಜೋರಾಗಿ ತಿರುಗುವಾಗ ಅದು ಬಾಗಿ ಸೀಳುತ್ತದೆ.

(ದೃಶ್ಯ: ಹೋಸಿನ ನಟ್ಟಿನ ಒಳಭಾಗ, ಟಾರ್ಚಿನ ಬೆಳಕಿನಲ್ಲಿ.)

ಹೋಸಿನ ನಟ್ಟಿನೊಳಗೆ ಇಣುಕಿ. ನಡುವೆ ಸೂಜಿಯಂಥ ಪಿನ್ ಕಾಣುತ್ತಿದೆ. ವಾಲ್ವಿನ ನೀಡಲನ್ನು, ಅಂದರೆ ಗಾಳಿಯನ್ನು ತಡೆದು ಹಿಡಿಯುವ ಒಳಗಿನ ಬಿರಡೆಯನ್ನು, ಒತ್ತಿ ಹಿಡಿಯುವುದು ಅದೇ ಆದ್ದರಿಂದ, ಈ ಬಗೆಯ ಹೋಸಿಗೆ ನೀಡಲನ್ನು ತೆಗೆಯಬೇಕಾಗಿಲ್ಲ. ಪಿನ್ನಿನ ಸುತ್ತಲಿನ ಕರಿಯ ವಾಷರನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ: ಒತ್ತಿದ ಗುರುತು ಕೂಡಲೇ ಮಾಯವಾದರೆ ಅದು ಚೆನ್ನಾಗಿದೆ, ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟರೆ ಅದರ ಆಯುಸ್ಸು ಮುಗಿದಿದೆ. ಒಂದೆರಡು ವಾಷರಿಗಾಗಿ ಜಿಪುಣತನ ಬೇಡ, ನಾಲ್ಕನ್ನೂ ಬದಲಿಸಿ.

ಉದ್ದದ ಹೋಸನ್ನು ಡಿಸ್ಕಿನ ತೂತಿನ ಮೂಲಕ ಒಳ ಟಯರಿಗೆ ಕೊಡಿ, ಗಿಡ್ಡದ್ದನ್ನು ಹೊರ ಟಯರಿಗೆ. ನಟ್ಟನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಕೊನೆಗೆ ಪಾನಾದಿಂದ ತುಸುವೇ ಬಿಗಿಯಿರಿ. ಬಲ ಹಾಕಿದರೆ ವಾಷರ್ ಹಿಸುಕಿಹೋಗುತ್ತದೆ. ಹೋಸು ತಂತಿಯಂತೆ ಬಿಗಿದೂ ಇರಬಾರದು, ಡಿಸ್ಕಿನ ಅಂಚಿಗೆ ತಾಗುವಷ್ಟು ಜೋತೂ ಇರಬಾರದು. ನಟ್ಟು, ವಾಲ್ವಿನ ಬುಡ, ಉಪಕರಣದ ಬಾಯಿ, ಎಲ್ಲ ಕಡೆಗೂ ಸೋಪಿನ ನೊರೆ ಹಚ್ಚಿ ಎರಡು ನಿಮಿಷ ನೋಡಿ. ದೊಡ್ಡ ಗುಳ್ಳೆ ಎಲ್ಲರಿಗೂ ಕಾಣುತ್ತದೆ. ರಾತ್ರಿಯಿಡೀ ಗಾಳಿ ಕುಡಿಯುವುದು ಸಾಸಿವೆಗಿಂತ ಚಿಕ್ಕ ಗುಳ್ಳೆಗಳ ಬಿಳಿ ಕೆನೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇರಬೇಕಾದ ಒತ್ತಡದ ಶೇಕಡಾ 80ಕ್ಕಿಂತ ಕೆಳಗಿಳಿದು ಓಡಿದ ಟಯರಿಗೆ ನಡುವಿನ ಬಾಯಿಯಿಂದ ಸುಮ್ಮನೆ ಗಾಳಿ ತುಂಬಿಸಬೇಡಿ. ಅದರ ಪಕ್ಕದ ಉಕ್ಕಿನ ಎಳೆಗಳು ಬಾಗಿ ಬಳಲಿರಬಹುದು, ಗಾಳಿ ಏರುವಾಗ ಅವು ಜಿಪ್ಪಿನಂತೆ ಸಾಲಾಗಿ ಹರಿದು ಟಯರು ಸಿಡಿಯಬಹುದು. ಅಂಥದ್ದನ್ನು ಡಿಸ್ಕಿನಿಂದ ಕಳಚಿ ಪರೀಕ್ಷಿಸಿ, ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ಹಾಕಿಸಬೇಕು.

(ದೃಶ್ಯ: ಸಂಜೆ. ಮೋಟರ್‌ಹೋಮ್ ಉಡುಪಿಯಿಂದ ಮರಳಿ ಅಂಗಳಕ್ಕೆ ಬರುತ್ತದೆ.)

ಬಿಚ್ಚಿ ಹಾಕಿದ ಚಕ್ರದ ನಟ್ಟುಗಳನ್ನು 80ರಿಂದ 160 ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಿಗಿಯಬೇಕು. ಮಂಗಳೂರಿನಿಂದ ಉಡುಪಿಗೆ ಹೋಗಿ ಬಂದರೆ ದೂರ ಸರಿಯಾಗಿ ಅದರೊಳಗೆ ಬರುತ್ತದೆ. ಹಾಗಾಗಿ ನಾವು ಹೋಗಿ, ಊಟ ಮುಗಿಸಿ ಬಂದೆವು. ನಟ್ಟುಗಳ ಪೈಕಿ ಎರಡು, ತಲಾ ಕಾಲು ಸುತ್ತಿನಷ್ಟು ತಿರುಗಿದವು. ಬಲಗಡೆಯ ಜೋಡಿಯ ನಡುವೆ ಸಿಕ್ಕಿಕೊಂಡಿದ್ದ ಜಲ್ಲಿಕಲ್ಲೊಂದನ್ನು ರಾಡಿನಿಂದ ಮೀಟಿ ತೆಗೆದದ್ದಾಯಿತು. ಟಯರುಗಳು ಇನ್ನೂ ಬಿಸಿಯಾಗಿರುವುದರಿಂದ ಈಗ ಗೇಜು ಹಿಡಿಯುವುದಿಲ್ಲ. ನಾಳೆ ಬೆಳಿಗ್ಗೆ, ಚಹಾಕ್ಕೆ ಮೊದಲು, ಅಳೆಯುತ್ತೇವೆ.